ಬಾಗಿಲು ಮುಚ್ಚಿದ ಕಂಟೈನರಿನೊಳಗೆ ಎರಡು ಸಲ

ನನ್ನ ಪುಟ್ಟೀ, ನನ್ನ ಪುಟ್ಟಾ,

ಅಜ್ಜಿ ಬಚ್ಚಲಿನ ಚಿಲಕ ಹಾಕುವುದಿಲ್ಲ ಎಂದು ನೀವು ನಗುತ್ತೀರಿ. ಕಾರಣವನ್ನು ಎದುರು ಕೂತು ಹೇಳಲು ನನಗೆ ನಾಚಿಕೆ. ಹಾಗಾಗಿ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ದೇರೆಬೈಲಿನಿಂದ ಬಸ್ಸು ಹಿಡಿದು ಬಂದರಿನ ಹತ್ತಿರದ ಒಂದು ಯಾರ್ಡಿಗೆ ಗುಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಹಡಗಿನಿಂದ ಇಳಿದ ಖಾಲಿ ಕಂಟೈನರುಗಳನ್ನು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಇಬ್ಬರು ಗಂಡಸರು ಕಂಟೈನರಿನ ಮಾಡಿನ, ಅಂದರೆ ಚಾವಣಿಯ, ಮೇಲೆ ನಡೆದು ಅದು ಭಾರ ತಾಳುತ್ತದೆಯೇ ಎಂದು ನೋಡುವುದು. ಅದೇ ಹೊತ್ತಿಗೆ ಒಬ್ಬರು ಒಳಗೆ ನಿಂತು, ಬಾಗಿಲು ಮುಚ್ಚಿಸಿಕೊಂಡು, ಎಲ್ಲಿಂದಾದರೂ ಬೆಳಕು ತೂರುತ್ತದೆಯೇ ಎಂದು ಹುಡುಕುವುದು. ಬೆಳಕು ಬಂದರೆ ಕಬ್ಬಿಣ ಬಿರಿದಿದೆ ಎಂದರ್ಥ.

ಒಂದು ದಿನ ಒಳಗೆ ನಿಲ್ಲುವವರು ರಜೆ ಹಾಕಿದ್ದರು. ನಾನು ಕಂಟೈನರಿನೊಳಗೆ ಹಳೆಯ ಮೀನಿನ ಹುಡಿ ಗುಡಿಸುತ್ತಿದ್ದೆ. ತಪಾಸಣೆಯ ಸಾಹೇಬರು ಬಾಗಿಲಿಗೆ ಬಂದರು.

“ಅಕ್ಕ, ಹೇಗೂ ಒಳಗೇ ಇದ್ದೀರಲ್ಲ. ಐದು ನಿಮಿಷ ನಿಲ್ತೀರಾ? ಮೇಲೆ ನೋಡಿದ್ರೆ ಸಾಕು.”

ಆಗುವುದಿಲ್ಲ ಎನ್ನಲಾಗದೆ, ಗುಡಿಸುತ್ತಿದ್ದ ಹಿಡಿಸೂಡಿ ಹಿಡಿದುಕೊಂಡೇ ನಿಂತೆ.

ಬಾಗಿಲು ಮುಚ್ಚಿತು. ಅದರ ಹಿಡಿ ಇರುವುದು ಹೊರಗೆ ಮಾತ್ರ. ನನ್ನ ಕೈ ನನಗೇ ಕಾಣಲಿಲ್ಲ. ಮೇಲೆ ಬೂಟುಗಳು ನಡೆದವು, ತಗಡು ಜಗ್ಗಿ ಗುಡುಗಿದಂತಾಯಿತು. ಮಾಡು ಮೈಮೇಲೆ ಬಂತೆಂದೇ ತಿಳಿದೆ. ಆಗ ಮೂಲೆಯಲ್ಲಿ, ಕ್ರೇನು ಹಿಡಿದೆತ್ತುವ ಕಬ್ಬಿಣದ ಪಕ್ಕದಲ್ಲೇ, ಕೂದಲೆಳೆಯಷ್ಟು ಬೆಳಕು ಕಂಡಿತು. ಹೆಜ್ಜೆ ಮುಂದೆ ಹೋದದ್ದೇ ಅದು ಮುಚ್ಚಿಕೊಂಡಿತು.

ಬಾಗಿಲು ತೆರೆಯಿತು. “ಎಂತಾದ್ರೂ ಕಂಡಿತಾ?”

“ಇಲ್ಲ ಸರ್.”

ಕಂಡಿತು ಎಂದರೆ ಮತ್ತೆ ಮುಚ್ಚುತ್ತಾರೆ ಎಂಬ ಹೆದರಿಕೆ.

ಸಾಹೇಬರು ಕಾಗದದಲ್ಲಿ ಬರೆಯತೊಡಗಿದರು. ಆಚೆ ಕ್ರೇನು ಇನ್ನೊಂದು ಕಂಟೈನರನ್ನು ಎತ್ತುತ್ತಿತ್ತು, ಕೆಳಗೆ ಮೂವರು ಕತ್ತೆತ್ತಿ ನಿಂತಿದ್ದರು. ಮಾಲು ತುಂಬಿದ ಮೇಲೆ ಇದರ ಮೂಲೆ ಕಿತ್ತುಬಂದರೆ?

“ಸರ್, ಕಂಡಿತ್ತು.”

“ಹಗಲಲ್ಲೇ ನಕ್ಷತ್ರವಾ ಅಕ್ಕ?” ಮಾಡಿನ ಮೇಲಿದ್ದವನು ನಕ್ಕ.

“ಸುಮ್ಮನಿರು ಮಾರಾಯ. ಎಲ್ಲಿ ಅಕ್ಕ?” ಎಂದರು ಸಾಹೇಬರು.

ತೋರಿಸಹೋದರೆ ಅಲ್ಲಿ ಬಣ್ಣ ಮಾತ್ರ. ಭಾರ ಬಿದ್ದಾಗಲೇ ಅದು ಬಾಯಿ ಬಿಡುವುದು, ಕತ್ತಲಲ್ಲೇ ಕಾಣುವುದು.

“ಬನ್ನಿ, ನಾನೂ ಜೊತೆಗೆ ನಿಲ್ತೇನೆ,” ಎಂದರು.

ಒಳ್ಳೆಯ ಮನುಷ್ಯರೇ. ಆದರೆ ಗಂಡ ಸತ್ತವಳು ಪರಗಂಡಸಿನೊಡನೆ ಮುಚ್ಚಿದ ಬಾಗಿಲೊಳಗಿದ್ದಳು ಎಂಬ ಮಾತು ನನ್ನ ಬಸ್ಸಿಗಿಂತ ಮೊದಲೇ ದೇರೆಬೈಲಿಗೆ ತಲುಪುತ್ತಿತ್ತು.

“ಬೇಡ ಸರ್. ಒಬ್ಬಳೇ ಹೋಗ್ತೇನೆ.”

ಬಾಗಿಲು ಮತ್ತೆ ಮುಚ್ಚಿತು. ಬೂಟಿನ ಸದ್ದು ದೂರದಿಂದ ಬಂದು ಮೂಲೆಗೆ ತಲುಪಿತು. ಬೆಳಕು ಬಿರಿಯಿತು. ಗಂಡಸರೆದುರು ದನಿಯೆತ್ತದ ನಾನು, “ಉಂತುಲೆ! ಅಲ್ಲೇ ನಿಲ್ಲಿ!” ಎಂದು ಕಿರುಚಿದೆ. ಬೂಟುಗಳು ನಿಂತವು. ಉದ್ದ ಕೋಲು ಕಟ್ಟಿದ ಹಿಡಿಸೂಡಿಯಿಂದ ಆ ಜಾಗಕ್ಕೆ ಕುಟ್ಟಿದೆ. ಆಗ ನಕ್ಕವನೇ ಮೇಲೆ ಸೀಮೆಸುಣ್ಣದ ಗೆರೆ ಎಳೆದ.

ಸಾಹೇಬರು ಬರೆದ ಕಾಗದ ಹರಿದು, ಆ ಕಂಟೈನರನ್ನು ವೆಲ್ಡಿಂಗಿಗೆ ಬದಿಗಿಡಿಸಿದರು. “ಹೆದರಿಕೆ ಆದ್ರೆ ಮೊದಲೇ ಹೇಳಿ ಅಕ್ಕ,” ಎಂದರಷ್ಟೇ.

ಅಲ್ಲಿ ನಾನು ಗುಡಿಸಿದ್ದು ಮಾತ್ರ ನಿಮ್ಮ ಅಪ್ಪನಿಗೆ ಗೊತ್ತು. ಆ ಮೊದಲ “ಇಲ್ಲ” ಎಂಬ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಆ ದಿನ ಸುಮ್ಮನೆ ಬಸ್ಸು ಹತ್ತಿಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಇವತ್ತಿಗೂ ಯೋಚಿಸುತ್ತೇನೆ. ಈ ಹಾಳೆಗಳನ್ನು ನಿಮ್ಮ ಶಾಲೆಯ ಸರ್ಟಿಫಿಕೇಟುಗಳ ಫೈಲಿನಲ್ಲಿಡಿ ಮಕ್ಕಳೇ. ನಮ್ಮ ಮನೆಯಲ್ಲಿ ಗೆದ್ದಲು ಮುಟ್ಟದ್ದು ಅದೊಂದೇ.