ಕೊನೆಯವರು ಏಳುವ ತನಕ

ನೀರು ಚಿಮುಕಿಸಿದ ಬಾಳೆ ಎಲೆಗೆ ಬಿಸಿ ಅನ್ನ ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಂದರೆ ಎಲ್ಲರಿಗೂ ಹಸಿವಾಗುತ್ತದಂತೆ. ನನಗೆ ಕೋಪ ಬರುತ್ತದೆ. ಕಳೆದ ಭಾನುವಾರ ಮಹಾಲಕ್ಷ್ಮಿ ಲೇಔಟಿನಲ್ಲಿ ಗೃಹಪ್ರವೇಶದ ಊಟಕ್ಕೆ ಕೂತಾಗಲೂ ಬಂತು. ಮನೆ ನನ್ನ ಎಂಜಿನಿಯರಿಂಗ್ ಸಹಪಾಠಿಯದು. ನಮ್ಮ ಸಾಲಿಗೆ ಸಾರು ಬರುವ ಮೊದಲೇ ಅರ್ಧ ಜನ ಊಟ ಶುರು ಮಾಡಿದ್ದರು. ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಗಳ ಬೆನ್ನು ಹಿಡಿದು, ಯಾವಾಗ ಏಳುತ್ತೇವೋ ಎಂದು ತಲೆಯ ಮೇಲೇ ನಿಂತಿದ್ದರು. ನನಗೆ ಮೇಡಂ ನೆನಪಾದರು.

ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಅವರು ನಮಗೆ ಪ್ರೋಗ್ರಾಮಿಂಗ್ ಲ್ಯಾಬ್ ತೆಗೆದುಕೊಳ್ಳುತ್ತಿದ್ದರು. ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ. ಕೆಲಸ ಕಾಯಂ ಆಗಿರಲಿಲ್ಲ, ಪ್ರತಿ ಸೆಮಿಸ್ಟರಿಗೂ ಹೊಸ ಆರ್ಡರ್ ಬರಬೇಕಿತ್ತು. ನಾನು ನಾಯಂಡಹಳ್ಳಿಯ ಗ್ಯಾರೇಜಿನವರ ಮಗಳು, ಕನ್ನಡ ಮೀಡಿಯಂ, ಕೀಬೋರ್ಡಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವಳು. ಇಡೀ ಲ್ಯಾಬಿಗೆ ಕೊನೆಯವಳು. ಕಾಲೇಜು ಬಿಟ್ಟುಬಿಡುವುದೆಂದು ಆಗಲೇ ನಿರ್ಧರಿಸಿದ್ದೆ, ಮನೆಯಲ್ಲಿ ಹೇಳುವುದೊಂದು ಬಾಕಿಯಿತ್ತು.

ಆ ವಾರ ಥ್ರೆಡ್‌ಗಳ ಪಾಠ. ಒಂದೇ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ದುಡಿಯುವ ಆಳುಗಳು ಎಂದುಕೊಳ್ಳಿ ಅಂದರು. ದೊಡ್ಡ ಲೆಕ್ಕವನ್ನು ನಾಲ್ಕು ಥ್ರೆಡ್‌ಗಳಿಗೆ ಪಾಲು ಹಾಕಿದರೆ ಬೇಗ ಮುಗಿಯುತ್ತದೆ. ಆದರೆ ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಪಕ್ಕದವರ ಉತ್ತರ ಬೇಕು. ಅವರದು ಮುಗಿಯುವ ಮುಂಚೆ ಕೈ ಹಾಕಿದರೆ ಹಳೆಯ ಅಂಕಿ ಸಿಗುತ್ತದೆ, ಲೆಕ್ಕವೆಲ್ಲ ಹಾಳು. ಅದಕ್ಕೇ ನಡುವೆ ಬ್ಯಾರಿಯರ್ ಇಡಬೇಕು, ಎಲ್ಲರೂ ಅಲ್ಲಿಗೆ ಬಂದು ಸೇರುವ ತನಕ ಯಾರೂ ಮುಂದಕ್ಕೆ ಹೋಗುವಂತಿಲ್ಲ.

"ಪಂಕ್ತೀಲಿ ಊಟ ಮಾಡಿಲ್ವೇನ್ರೋ? ಎಲ್ಲರ ಎಲೆಗೂ ಅನ್ನ ಬೀಳೋ ತನಕ ಯಾರೂ ಕೈ ಹಾಕ್ಬಾರ್ದು. ಕೊನೆಯವರು ಮುಗಿಸೋ ತನಕ ಯಾರೂ ಏಳ್ಬಾರ್ದು. ಅಷ್ಟೇ ಬ್ಯಾರಿಯರ್ ಅಂದ್ರೆ."

ನನ್ನ ಪ್ರೋಗ್ರಾಮ್ ಮಾತ್ರ ಕಲ್ಲಿನ ಹಾಗೆ ನಿಂತುಬಿಟ್ಟಿತು. ಥ್ರೆಡ್‌ಗಳು ನಾಲ್ಕೇ. ನಾನು ಅವುಗಳಿಗೆ ಕೆಲಸ ಹಂಚುವ ಮುಖ್ಯ ಪ್ರೋಗ್ರಾಮನ್ನೂ ಲೆಕ್ಕಕ್ಕೆ ಸೇರಿಸಿ, ಐದು ಬರುವ ತನಕ ಕಾಯಿ ಎಂದು ಬ್ಯಾರಿಯರಿಗೆ ಹೇಳಿದ್ದೆ. ಐದನೆಯದು ಬರುವುದೇ ಇಲ್ಲ. ಮೇಡಂ ನೋಡಿ ಜೋರಾಗಿ ನಕ್ಕರು. "ಬಡಿಸೋರಿಗೂ ಎಲೆ ಹಾಕಿ ಕಾಯ್ತಾ ಕೂತಿದೀಯಲ್ಲೇ! ಅವ್ರು ಈ ಪಂಕ್ತೀಲಿ ಕೂರಲ್ಲ ಕಣಮ್ಮಾ." ಐದನ್ನು ನಾಲ್ಕು ಮಾಡಿದೆ, ಓಡಿತು. ಕಾಲೇಜು ಬಿಡುವ ಯೋಚನೆ ನನ್ನ ತಲೆಗೆ ಮತ್ತೆ ಬರಲಿಲ್ಲ.

ಅದೇ ದಿನ ಈ ಗೃಹಪ್ರವೇಶದ ಮಹಾಶಯ, ಆಗ ಮೊದಲ ಬೆಂಚಿನವನು, ತನ್ನ ಪ್ರೋಗ್ರಾಮಿನಿಂದ ಬ್ಯಾರಿಯರನ್ನೇ ಕಿತ್ತುಹಾಕಿ, ನನ್ನದೇ ಎಲ್ಲರಿಗಿಂತ ಫಾಸ್ಟ್ ಎಂದು ಬೀಗಿದ್ದ. ಮೇಡಂ ಅದನ್ನು ಮತ್ತೆ ಮತ್ತೆ ಓಡಿಸಿದರು. ಸರಿ ಬಂತು, ಸರಿ ಬಂತು, ಆಮೇಲೆ ತಪ್ಪು ಬಂತು.

"ಮೋಸ್ಟ್ಲಿ ಕರೆಕ್ಟೇ ಬರುತ್ತಲ್ಲಾ ಮೇಡಂ?"

"ಲಿಫ್ಟು ಮೋಸ್ಟ್ಲಿ ನಿಲ್ಲುತ್ತೆ ಅಂದ್ರೆ ಹತ್ತುತೀಯೇನೋ?"

ಲ್ಯಾಬ್ ನಕ್ಕಿತು. ಅವನು ಅದನ್ನು ಮರೆಯಲಿಲ್ಲ. ಎಲ್ಲರ ಪ್ರೋಗ್ರಾಮೂ ಓಡುವ ತನಕ ಮುಂದಿನ ಪಾಠವಿಲ್ಲ, ಮುಗಿಸಿದವರು ಮುಗಿಸದವರ ಪಕ್ಕ ಕೂತು ಹೇಳಿಕೊಡಬೇಕು ಎಂಬುದು ಮೇಡಂ ಕಟ್ಟಳೆ. ಅದೇ ಅವನಿಗೆ ನೆಪವಾಯಿತು. ವಿಭಾಗದ ಮುಖ್ಯಸ್ಥರನ್ನು ಲ್ಯಾಬಿಗೇ ಕರೆತಂದು, ನನ್ನ ಕಡೆ ಕೈ ತೋರಿಸಿ, "ಇವಳೊಬ್ಬಳಿಗೋಸ್ಕರ ಇಡೀ ಕ್ಲಾಸ್ ಕಾಯ್ಬೇಕಾ ಸಾರ್?" ಅಂದ. ನನ್ನ ಪಕ್ಕ ಒಂದು ದಿನವೂ ಕೂರದವನು!

"ಹಿಂದೆ ಬಿದ್ದೋರನ್ನ ಬಿಟ್ಟು ಸಿಲಬಸ್ ಮುಗಿಸಿ ಮೇಡಂ," ಅಂದರು ಮುಖ್ಯಸ್ಥರು, ನಮ್ಮೆಲ್ಲರ ಎದುರಿಗೇ.

"ಬಿಟ್ಟು ಹೋದ್ರೆ ಉತ್ತರ ತಪ್ಪು ಬರುತ್ತೆ ಸಾರ್," ಅಂದರು ಮೇಡಂ.

ಮುಂದಿನ ಸೆಮಿಸ್ಟರಿಗೆ ಅವರ ಆರ್ಡರ್ ಬರಲಿಲ್ಲ. ಒಂದು ಬೀಳ್ಕೊಡುಗೆ ಇಲ್ಲ, ಒಂದು ಮಾತಿಲ್ಲ... ಅವರ ಜಾಗಕ್ಕೆ ಬಂದವರು ಸಿಲಬಸ್ಸನ್ನು ಸರಸರ ಮುಗಿಸಿದರು. ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಫೇಲಾಗಿ ಕಾಲೇಜು ಬಿಟ್ಟರು. ಅದಕ್ಕೆ ಯಾರೂ ಯಾರನ್ನೂ ಕೇಳಲಿಲ್ಲ. ಇವತ್ತು ನಾನು ಅದೇ ಥ್ರೆಡ್‌ಗಳ ಕೆಲಸ ಮಾಡಿ ಅನ್ನ ತಿನ್ನುತ್ತಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಭಾನುವಾರ ಪಾಯಸ ವಿಚಾರಿಸಲು ಬಂದ ಮನೆಯೊಡೆಯ ನನ್ನ ಕಿವಿಯ ಹತ್ತಿರ ಬಗ್ಗಿದ. "ನಮ್ ಲ್ಯಾಬ್ ಮೇಡಂ ಹೋಗ್ಬಿಟ್ರಂತೆ ಕಣೇ, ಹೋದ ವರ್ಷ. ಪಾಪ, ಒಳ್ಳೇವ್ರು. ಸ್ವಲ್ಪ ಸ್ಲೋ ಅಷ್ಟೇ." ಹೇಳಿ, ಮುಂದಿನ ಎಲೆಗೆ ಹೋದ.

ಅವನ ಮುಖಕ್ಕೆ ಪಾಯಸ ಎರಚಬೇಕೆನಿಸಿತು. ನಾನು ಮೊಸರನ್ನ ಮುಗಿಸುವಷ್ಟರಲ್ಲಿ ಸುತ್ತ ಎಲ್ಲರೂ ಎದ್ದಾಗಿತ್ತು. ಅದೇ ಮೇಜಿಗೆ ನನ್ನ ಎದುರು ಕೂತಿದ್ದ ಹಲ್ಲಿಲ್ಲದ ಅಜ್ಜರೊಬ್ಬರು ಮಾತ್ರ ಮೊಸರನ್ನ ಮೆಲ್ಲುತ್ತಿದ್ದರು. ಬಡಿಸುವವನು ಆ ತುದಿಯಿಂದ ಎಂಜಲೆಲೆಗಳ ಸಮೇತ ಮೇಜಿನ ಕಾಗದ ಸುತ್ತುತ್ತಾ ಬಂದ. ನಾನು ಎಡಗೈಯನ್ನು ಕಾಗದದ ಮೇಲೆ ಊರಿದೆ.

"ಏಳೇ, ನೆಕ್ಸ್ಟ್ ಪಂಕ್ತಿ ವೇಟಿಂಗು," ಎಂದು ಮನೆಯೊಡೆಯ ಓಡಿ ಬಂದ.

"ಕಾಯ್ಲಿ. ಇವ್ರದ್ದು ಇನ್ನೂ ಆಗಿಲ್ಲ."

ನನ್ನ ದನಿ ಅಷ್ಟು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಕುರ್ಚಿ ಹಿಡಿದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜ ಅವಸರ ಮಾಡಲಿಲ್ಲ. ಕೊನೆಯ ತುತ್ತು ಮುಗಿಸಿ, ಎಲೆ ಮಡಚಿ, "ಏಳೋಣ್ವಾ ತಾಯಿ?" ಅಂದರು.

ಎದ್ದೆ. ಬೆರಳಿಗೆ ಮೆತ್ತಿದ ಅನ್ನ ಒಣಗಿತ್ತು. ಇದನ್ನು ಹೇಳಿದ್ದರೆ ಮೇಡಂ ಅವತ್ತಿನ ಹಾಗೇ ಜೋರಾಗಿ ನಗುತ್ತಿದ್ದರು... ಹೇಳೋಣವೆಂದರೆ ಅವರಿಲ್ಲ.