ಹೊರಗೆ ಕೂರಲು ಜಾಗವಿಲ್ಲದ ಮನೆ

ಗುಳಿಗೆ ನುಂಗಿದ ಮೇಲೆ ವೈನಿ, ಅಂದರೆ ನಮ್ಮಣ್ಣನ ಹೆಂಡತಿ, ನಾಲಿಗೆ ಹೊರಚಾಚಿ ತೋರಿಸಬೇಕಿತ್ತು. ಸಣ್ಣ, ಬಿಳಿಚಿದ ನಾಲಿಗೆ. ನಮ್ಮವ್ವ ಕನ್ನಡಕ ಏರಿಸಿಕೊಂಡು, ಸಂತೆಯಲ್ಲಿ ದನದ ಬಾಯಿ ನೋಡುವ ಹಾಗೆ ಬಗ್ಗಿ ನೋಡುತ್ತಿದ್ದಳು. ಥೂ! ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಎಪ್ಪತ್ತರ ದಶಕದ ಮಾತು. ಹತ್ತಾರು ಸಂಸಾರ ಬಾಡಿಗೆಗಿದ್ದ ಪುಣೆಯ ವಾಡೆಯೊಂದರಲ್ಲಿ ನಮಗಿದ್ದದ್ದು ಎರಡೇ ಖೋಲಿ. ವಿಜಾಪುರದ ನಮ್ಮ ಹಳೆ ಮನೆಯಲ್ಲಿ ಮುಟ್ಟಾದವರು ಹಿತ್ತಲ ಕಡೆ ಹೊರಗೆ ಕೂರುತ್ತಿದ್ದರು. ಇಲ್ಲಿ ಹೊರಗೆಂದರೆ ಮಂದಿ ಓಡಾಡುವ ಮೆಟ್ಟಿಲು. ಮಗಳಾದ ನನ್ನನ್ನು ಆ ದಿನಗಳಲ್ಲಿ ಗೆಳತಿಯ ಹಾಸ್ಟೆಲ್ಲಿಗೆ ಅಟ್ಟುತ್ತಿದ್ದಳು; ಸೊಸೆಯನ್ನು ಎಲ್ಲಿಗೆ ಅಟ್ಟುವುದು? ಅವ್ವನ ಮಡಿಗೆ ದಾರಿ ಬೇಕಲ್ಲ, ಸೊಸೆಗೆ ಮುಟ್ಟೇ ಆಗದಂತೆ ಮಾಡಿಬಿಟ್ಟಳು! ನೆರೆಯವರು ಯಾರೋ ಹೇಳಿದ ಗುಳಿಗೆ ತರಿಸಿದಳು. ಮೊದಲು ಗೌರಿ ಹಬ್ಬಕ್ಕೆ, ಆಮೇಲೆ ನವರಾತ್ರಿಗೆ, ಕೊನೆಗೆ ಬಿಡುವಿಲ್ಲದೆ ದಿನಾಲೂ. ವೈನಿಗೆ ವಾಂತಿ, ತಲೆನೋವು. ಕೇಳಿದರೆ “ಇರ್ಲಿ ಬಿಡವಾ” ಅನ್ನುವಳು.

ಇಷ್ಟು ಮಾಡಿ ಅದೇ ಅವ್ವ ಅವಳನ್ನು ಬಂಜೆ ಅಂದಳು. ಅಣ್ಣನಿಗೆ ಇನ್ನೊಂದು ಹೆಣ್ಣು ನೋಡಿರೆಂದು ಸೊಲ್ಲಾಪುರದ ನೆಂಟರಿಗೆ ಹೇಳಿಕಳಿಸಿದಳು. ಅಣ್ಣನೋ, ಪೇಪರಿನಲ್ಲಿ ಮುಖ ಹುದುಗಿಸಿ ಕೂತ ಹೇಡಿ.

ನಾನಾಗ ಶಿವಾಜಿನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಆಕಳಿರಲಿ, ಹೆಂಗಸಿರಲಿ, ಮಿದುಳಿನ ಬುಡದ ಗ್ರಂಥಿಯಿಂದ ಹಾರ್ಮೋನಿನ ಅಪ್ಪಣೆ ಬಂದರೇ ಅಂಡಾಶಯದಿಂದ ತತ್ತಿ ಹೊರಬೀಳುವುದು. ಸಂತತಿ ತಡೆಯುವ ಗುಳಿಗೆ ಆ ಅಪ್ಪಣೆಯನ್ನೇ ತಡೆಯುತ್ತದೆ ಎಂದು ಪಾಠವಾಯಿತು. ಅನುಮಾನ ಬಂದು ಮನೆಯಲ್ಲಿ ಗುಳಿಗೆಯ ಹೆಸರು ನೋಡಿದೆ. ಅದೇ! ವೈನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

“ಅಂದ್ರ ನಾ ಬಂಜಿ ಅಲ್ಲೇನು?”

“ಗುಳಿಗಿ ಬಿಟ್ಟು ನೋಡ್ರಿ ವೈನಿ” ಅಂದೆ.

ಅವತ್ತೇ ಬಿಟ್ಟಳು; ಅವ್ವನಿಗೆ ನಾಲಿಗೆ ತೋರಿಸಿ, ಅದರಡಿ ಒತ್ತಿಟ್ಟ ಗುಳಿಗೆಯನ್ನು ಬಚ್ಚಲಿಗೆ ಉಗುಳುತ್ತಿದ್ದಳು. ಮುಟ್ಟಾದಾಗ ಖೋಲಿಯ ನಡುವೆಯೇ ಕೂತಳು. ಮಡಿ ಕೆಟ್ಟಿತೆಂದು ಅವ್ವ ಊಟ ಬಿಟ್ಟು ಕೂಗಾಡಿದಳು. “ಹೊರಗ ಎಲ್ಲಿ ಅದ ತೋರಸ್ರಿ, ಹೋಗಿ ಕೂಡ್ತೀನಿ” ಎಂದಳು ವೈನಿ. ಮರುವರ್ಷ ಮಗಳು ಹುಟ್ಟಿದಳು. ಅವ್ವ ನಾಚಿಕೆಯಿಲ್ಲದೆ ತನ್ನ ಹರಕೆ ಫಲಿಸಿತೆಂದು ವಾಡೆಗೆಲ್ಲ ಪೇಢೆ ಹಂಚಿದಳು. ನಾನು ಆ ಪೇಢೆ ಮುಟ್ಟಲಿಲ್ಲ.

ಮುಂದೆ ನನ್ನ ಮದುವೆಯ ಮುಹೂರ್ತ ಸರಿಯಾಗಿ ಮುಟ್ಟಿನ ದಿನಕ್ಕೇ ಬಂತು. ಅವ್ವ ಮತ್ತೆ ಗುಳಿಗೆ ಹಿಡಿದು ಬಂದಳು. ವೈನಿ ಕಸಿದು ಬಚ್ಚಲಿಗೆ ಎಸೆದಳು.

“ಮುಹೂರ್ತ ಮುಂದ ಹಾಕ್ರಿ. ಹುಡುಗಿ ತಂಟಿಗೆ ಹೋಗಬ್ಯಾಡ್ರಿ.”

ಮುಂದೆ ಹಾಕಿದರು.

ವೈನಿ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಸೊಸೆಯಾಗಿ ಬಂದಾಗ ಅವಳ ಪರವಾಗಿ ಹೀಗೊಂದು ಮಾತಾಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನಗೆ ಅವಳಿದ್ದಳು.