ಬೆಳ್ಳಪ್ಪ ಕಡಿದದ್ದು ಹಾವಲ್ಲ

ಮೇಳಿಗೆಯ ಗೇಣಿ ಒಕ್ಕಲು ಬೆಳ್ಳಪ್ಪನ ಕಣ್ಣಿಗೆ ಬಿದ್ದ ಹಾವು ಬದುಕಿ ಹೋದದ್ದಿಲ್ಲ. ಅವನ ಅಣ್ಣ ಸುಬ್ಬಪ್ಪನಿಗೆ ಗದ್ದೆ ಕೊಯ್ಲಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಒಸಡಿನಿಂದ, ಮೂಗಿನಿಂದ ರಕ್ತ ಸುರಿಸುತ್ತ ಮೂರು ದಿನ ಒದ್ದಾಡಿ ತಮ್ಮನ ತೊಡೆಯ ಮೇಲೇ ಸತ್ತ. ಅಂದಿನಿಂದ ಬೆಳ್ಳಪ್ಪ ಕೇರೆಹಾವನ್ನೂ ಬಿಡಲಿಲ್ಲ. ನಾಗರಹಾವನ್ನು ಹೊಡೆದ ದಿನ ಊರವರು ಅವನ ಮನೆಯಲ್ಲಿ ನೀರು ಕುಡಿಯುವುದನ್ನೇ ನಿಲ್ಲಿಸಿದರು. ಇನ್ನು ಹಾವು ಹೊಡೆಯಬೇಡಿ ಎಂದು ಹೆಂಡತಿ ಹೂವಮ್ಮ ಅತ್ತು ಕೇಳಿಕೊಂಡಳು.

"ಅಣ್ಣನ ಬಾಯಿಂದ ಬಂದ ರಕ್ತ ನೀನು ಒರೆಸಿದ್ಯಾ? ನಾನು ಒರೆಸಿದೀನಿ" ಎಂದ ಬೆಳ್ಳಪ್ಪ.

ಅರವತ್ನಾಲ್ಕನೇ ಇಸವಿಯ ಆಷಾಢದಲ್ಲಿ ಗಂಡಹೆಂಡತಿ ಗದ್ದೆಯ ಅಂಚು ಕಡಿಯುತ್ತಿದ್ದರು. ಅವನು ಮಣ್ಣು ಕಡಿದು ಹಾಕಿದಂತೆ ಅವಳು ಕಾಲಲ್ಲಿ ತುಳಿದು ಮೆತ್ತುತ್ತಿದ್ದಳು. ಒಂದು ಹೆಂಟೆ ಒಡೆದಾಗ ಮೊಳದುದ್ದದ, ಕಪ್ಪು ಲೋಳೆಮೈಯ ಜೀವವೊಂದು ಹೊರಬಿದ್ದು ಹೂವಮ್ಮನ ಪಾದದ ಮೇಲೆ ಹರಿಯಿತು. ಬೆಳ್ಳಪ್ಪ ಗುದ್ದಲಿ ಎತ್ತಿ ಇಳಿಸಿಯೇಬಿಟ್ಟ. ಅದು ಎರಡು ತುಂಡಾಯಿತು. ಹೂವಮ್ಮನ ಎಡಗಾಲಿನ ಎರಡು ಬೆರಳೂ ಅದರ ಜೊತೆ ಕೆಸರಿಗೆ ಬಿದ್ದವು.

ಅವಳು ಕುಸಿದಳು. ಬೆಳ್ಳಪ್ಪ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಅವಳ ಕಾಲಿಗೆ ಬಿಗಿದು, ಬೆನ್ನ ಮೇಲೆ ಹೊತ್ತು ರಸ್ತೆಗೆ ಓಡಿದ. ಹಾವು ಕಚ್ಚಿದ್ದರೆ ಡಾಕ್ಟರಿಗೆ ತೋರಿಸಬೇಕಲ್ಲ ಎಂದು ಅದರ ತುಂಡುಗಳನ್ನು ಕೆಸುವಿನೆಲೆಯಲ್ಲಿ ಸುತ್ತಿಕೊಂಡಿದ್ದ. ಮರದ ದಿಮ್ಮಿ ತುಂಬಿದ್ದ ನಾಟಾದ ಲಾರಿಯೊಂದು ಅವರನ್ನು ತೀರ್ಥಹಳ್ಳಿಯ ಆಸ್ಪತ್ರೆಗೆ ಮುಟ್ಟಿಸಿತು.

ಡಾಕ್ಟರು ಒಳಗೆ ಹೊಲಿಗೆ ಹಾಕುತ್ತಿದ್ದಾಗ, ಔಷಧಿಗೆ ಬಂದಿದ್ದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗಣೇಶಮೂರ್ತಿ ಎಲೆ ಬಿಚ್ಚಿ ನೋಡಿದರು.

"ಇದು ಹಾವಲ್ಲ ಮಾರಾಯ. ಮುಟ್ಟಿ ನೋಡು, ಹಾವಿನ ಮೈಮೇಲಿರೋ ಹುರುಪೆ ಇಲ್ಲ. ಕಪ್ಪೆಗೆ ಹತ್ತಿರದ ಜೀವ. ವಿಷದ ಹಲ್ಲೂ ಇಲ್ಲ."

"ಕಾಲೇ ಇಲ್ಲ ಮೇಷ್ಟ್ರೇ, ಕಪ್ಪೆಗೆ ಹತ್ತಿರ ಹೆಂಗಾಗ್ತದೆ?"

"ಮಣ್ಣು ಕೊರೆದು ಬದುಕೋದಕ್ಕೆ ಕಾಲು ಅಡ್ಡ. ಕೋಟ್ಯಂತರ ವರ್ಷದಲ್ಲಿ ಇದರ ವಂಶಕ್ಕೆ ಕಾಲು ಹೋಯ್ತು. ಹಾವಿನ ವಂಶಕ್ಕೂ ಹೋಯ್ತು, ಅದು ಬೇರೆಯಾಗಿ. ನೋಡೋಕೆ ಒಂದೇ ಥರ ಆದ್ವು, ನೆಂಟಸ್ತಿಕೆ ಮಾತ್ರ ಬಹಳ ದೂರದ್ದು."

ಬೆಳ್ಳಪ್ಪ ಹೊರಗೆ ಹೋಗಿ ಕಲ್ಲುಕಂಬಕ್ಕೆ ಹಣೆ ಚಚ್ಚಿಕೊಂಡ. ರಕ್ತ ಕಣ್ಣಿಗಿಳಿದರೂ ನಿಲ್ಲಿಸಲಿಲ್ಲ. ಇಬ್ಬರು ಹಿಡಿದು ಎಳೆಯಬೇಕಾಯಿತು. ಎಚ್ಚರವಾದ ಹೂವಮ್ಮನಿಗೆ ಅದು ಹಾವಾಗಿರಲಿಲ್ಲವೆಂದು ಹೇಳಿದ.

"ಹಾವೇ ಆಗಿದ್ರೆ ನನ್ನ ಬೆರಳು ಇರ್ತಿತ್ತಾ?" ಎಂದು ಕೇಳಿ ಅವಳು ಗೋಡೆಯ ಕಡೆ ತಿರುಗಿದಳು.

ಮರುವರ್ಷ ಅಂಚು ಕಡಿಯುವಾಗ ಅಂಥದ್ದೇ ಇನ್ನೊಂದು ಎದ್ದಿತು. ಬೆಳ್ಳಪ್ಪ ಅದನ್ನು ಗುದ್ದಲಿಯಲ್ಲಿ ಎತ್ತಿ ದಡಕ್ಕೆ ಬಿಟ್ಟ. ಪಕ್ಕದ ಗದ್ದೆಯ ವಾಸಪ್ಪ ಬಂದು ಅದನ್ನು ಕತ್ತಿಯಲ್ಲಿ ಕೊಚ್ಚಿ ನಕ್ಕ. "ಹೆಂಡ್ತಿ ಕಾಲು ಕಡಿದೋನಿಗೆ ಹುಳದ ಮೇಲೆ ಕನಿಕರ ನೋಡು."

ಬೆಳ್ಳಪ್ಪನ ಗುದ್ದಿಗೆ ವಾಸಪ್ಪನ ಮುಂದಿನ ಹಲ್ಲು ಮುರಿಯಿತು. ವಾಸಪ್ಪನ ಕತ್ತಿ ಬೆಳ್ಳಪ್ಪನ ತೋಳನ್ನು ಮೂಳೆಯವರೆಗೆ ಸೀಳಿತು. ಇಬ್ಬರೂ ಕೆಸರಲ್ಲಿ ಹೊರಳಾಡಿದರು. ಬೆಳ್ಳಪ್ಪ ವಾಸಪ್ಪನ ಮುಖವನ್ನು ನೀರಿಗೆ ಅದುಮಿ ಹಿಡಿದಿದ್ದಾಗ ಹೂವಮ್ಮ ಕುಂಟುತ್ತ ಬಂದು, ಗುದ್ದಲಿಯ ಮರದ ಕಾವಿನಿಂದ ಗಂಡನ ಬೆನ್ನಿಗೆ ಬಾರಿಸಿದಳು.

"ಇನ್ನೂ ಯಾರನ್ನ ಕೊಲ್ಲಬೇಕು ನೀವು?"

ಅವನು ಕೈಬಿಟ್ಟ. ವಾಸಪ್ಪ ಕೆಮ್ಮುತ್ತ ಎದ್ದು ಹೋದ, ಮತ್ತೆಂದೂ ಬೆಳ್ಳಪ್ಪನ ಜೊತೆ ಮಾತಾಡಲಿಲ್ಲ.

ಕೊಳಕುಮಂಡಲವನ್ನು ಮಾತ್ರ ಬೆಳ್ಳಪ್ಪ ಕೊನೆಯವರೆಗೂ ಕೊಂದ. ಬೇರೆ ಏನೇ ಹರಿದರೂ ಬಗ್ಗಿ ನೋಡುತ್ತಿದ್ದ. ಅಷ್ಟರಲ್ಲಿ ಅದು ಹೋಗಿಬಿಡುತ್ತಿತ್ತು. ಹೂವಮ್ಮ ಗದ್ದೆಗೆ ಬರುತ್ತಿದ್ದಳು. ಅವನು ಗುದ್ದಲಿ ಹಿಡಿದ ಹೊತ್ತಿನಲ್ಲಿ ಮಾತ್ರ ಹತ್ತು ಮಾರು ದೂರವೇ ನಿಲ್ಲುತ್ತಿದ್ದಳು.